ಸತ್ಯಾಂಶ: ಏಕಾದಶಿ ಉಪವಾಸಕ್ಕೆ ನೊಬೆಲ್ ಬಂದಿತ್ತಾ?

"ಏಕಾದಶಿ ಉಪವಾಸ ಮಾಡಿದರೆ ಕ್ಯಾನ್ಸರ್ ಬರಲ್ಲ ಎಂದು ತೋರಿಸಿದ ಜಪಾನ್ ವಿಜ್ಞಾನಿಗೆ ನೊಬೆಲ್" ಅನ್ನೋ ಮೆಸೇಜ್ ನಿಮಗೂ ಬಂದಿರುತ್ತದೆ ಅಲ್ವಾ? ಅದು ನಿಜವಲ್ಲ.

ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಹೌದು. ಜೀವಕೋಶ ತನ್ನೊಳಗಿನ ಹಳೇ, ಕೆಟ್ಟ ಭಾಗಗಳನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುತ್ತದೆ. ಇದಕ್ಕೆ ಆಟೋಫೇಜಿ ಅನ್ನುತ್ತಾರೆ. ಅದು ನಡೆಯುವ ಬಗೆಯನ್ನು ಅವರು ಪತ್ತೆ ಮಾಡಿದ್ದು ಯೀಸ್ಟ್‌ನಲ್ಲಿ, ಅಂದರೆ ಬ್ರೆಡ್ ಹಿಟ್ಟು ಉಬ್ಬಿಸುವ ಅದೇ ಯೀಸ್ಟ್‌ನಲ್ಲಿ. ಏಕಾದಶಿ ಮಾಡುವವರ ಮೇಲಲ್ಲ.

ನನಗೆ ಭಯ ಇರುವುದು ಮನೆಯ ಹಿರಿಯರ ಬಗ್ಗೆ. ಕೆಲವು ಶುಗರ್ ಮಾತ್ರೆ ನುಂಗಿ ಏನೂ ತಿನ್ನದೆ ಕೂತರೆ ಶುಗರ್ ತೀರಾ ಇಳಿಯುತ್ತದೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ತಲೆ ಸುತ್ತಿ ಬೀಳುವುದೂ ಉಂಟು. ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಸಂಪ್ರದಾಯದಲ್ಲೂ 80 ದಾಟಿದವರಿಗೆ, ಕಾಯಿಲೆ ಇರುವವರಿಗೆ ಇದು ಕಡ್ಡಾಯವಲ್ಲ.

ಏಕಾದಶಿ ದೇವರ ಹತ್ತಿರ ಕೂರುವ ದಿನ. ಅದಕ್ಕೆ ನೊಬೆಲ್ ಸಾಕ್ಷಿ ಯಾಕೆ ಬೇಕು? ನಮ್ಮಮ್ಮ ಈಗ ಹಾಲು, ಹಣ್ಣು ತಗೊಂಡು, ಮಾತ್ರೆ ನುಂಗಿ, ಕನ್ನಡಕ ಒರೆಸಿಕೊಂಡು ಸಹಸ್ರನಾಮ ಹಿಡಿದು ಕೂರುತ್ತಾರೆ.