ಸತ್ಯಾಂಶ: 1ರಿಂದ 10ರವರೆಗೆ ಭಾಗವಾಗುವ ಸಂಖ್ಯೆ 2520 ಒಂದೇನಾ?

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗವಾಗುವ ಏಕೈಕ ಸಂಖ್ಯೆ 2520, ಇದನ್ನು ಕಂಡುಹಿಡಿದವರು ರಾಮಾನುಜನ್ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ 2520 ಬರುವುದೇ ಇದರ ರಹಸ್ಯ ಅಂತಲೂ ಅದರಲ್ಲಿದೆ.

ಭಾಗವಾಗುವುದು ನಿಜ. ಏಕೈಕ ಎಂಬುದು ತಪ್ಪು. 5040, 7560, 10080 ಹೀಗೆ 2520ರ ಮಗ್ಗಿಯಲ್ಲಿ ಬರುವ ಎಲ್ಲವೂ ಹಾಗೇ ಭಾಗವಾಗುತ್ತವೆ. ಅವುಗಳಲ್ಲಿ 2520 ಅತಿ ಚಿಕ್ಕದು, ಅಷ್ಟೇ. ಶಾಲೆಯಲ್ಲಿ ಕಲಿತ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಇದೇ ಅಲ್ವಾ?

ಅದು ಹುಟ್ಟುವ ಬಗೆ ನಿಜಕ್ಕೂ ಚೆಂದ. 8, 9, 5, 7 ಇವನ್ನು ಗುಣಿಸಿ, 2520 ಬರುತ್ತದೆ. 8ರೊಳಗೆ 2 ಮತ್ತು 4 ಇವೆ, 9ರೊಳಗೆ 3 ಇದೆ. 6 ಮತ್ತು 10 ತಾವಾಗಿಯೇ ಸೇರಿಕೊಳ್ಳುತ್ತವೆ. 20ರವರೆಗೆ ಬೇಕಿದ್ದರೆ ಇದೇ ದಾರಿಯಲ್ಲಿ 23,27,92,560 ಸಿಗುತ್ತದೆ.

ಕ್ಯಾಲೆಂಡರಿನ ಮಾತಿಗೂ ಉತ್ತರ ಇಲ್ಲೇ ಇದೆ. 30 ಗುಣಿಸು 12 ಅಂದರೆ 360. ಅದು 10ರವರೆಗೆ 7 ಒಂದನ್ನು ಬಿಟ್ಟು ಉಳಿದೆಲ್ಲದರಿಂದ ಭಾಗವಾಗುತ್ತದೆ. ಆ 7ನ್ನೂ ಗುಣಿಸಿದರೆ ಮುಗಿಯಿತು. ವರ್ಷಕ್ಕೆ 360 ದಿನ ಇಲ್ಲವಲ್ಲ!

ಲ.ಸಾ.ಅ. ಹುಡುಕುವ ವಿಧಾನವನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ರಾಮಾನುಜನ್ 1915ರಲ್ಲಿ ಮಾಡಿದ್ದು ಇದಕ್ಕಿಂತ ಬಹಳ ಆಳವಾದ ಕೆಲಸ. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳನ್ನು ಅವರು ಅಧ್ಯಯನ ಮಾಡಿದರು. 48 ಭಾಜಕಗಳಿರುವ 2520 ಆ ಗುಂಪಿನಲ್ಲೂ ಇದೆ.