ಮಂಗಳಕ್ಕೆ ಬೇಕಿರುವುದು ಕೈ, ಆದರೆ ಹೊಟ್ಟೆನೂ ಜತೆಗೆ ಬರುತ್ತದಲ್ಲ

ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ ನಮ್ಮ ಭಾವ ಶುರು ಮಾಡಿದರು. "ಇಲ್ಲಿ ರಸ್ತೆ ಗುಂಡಿ ಮುಚ್ಚಲಿಕ್ಕೆ ಆಗ್ತಿಲ್ಲ, ಮಂಗಳಕ್ಕೆ ಮನುಷ್ಯರನ್ನು ಕಳಿಸ್ತಾರಂತೆ!" ಈ ಗುಂಡಿ ವಾದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಮಂಗಳಯಾನಕ್ಕೆ ಖರ್ಚಾಗಿದ್ದು ಸುಮಾರು 450 ಕೋಟಿ. ಅದು ಹೋಗದೇ ಇದ್ದಿದ್ದರೂ ನಮ್ಮ ಬೀದಿಯ ಗುಂಡಿ ಹಾಗೇ ಇರುತ್ತಿತ್ತು. ಆದರೆ ಆಮೇಲೆ ಅವರು ಕೇಳಿದ್ದಕ್ಕೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಿಷಿನ್ನುಗಳೇ ಎಲ್ಲ ಮಾಡುತ್ತಿರುವಾಗ ಮನುಷ್ಯ ಯಾಕೆ ಹೋಗಬೇಕು? ಅದಕ್ಕೇ ಈ ಉದ್ದ ಪೋಸ್ಟು.

ಇನ್‌ಸೈಟ್ ಕಥೆ ಗೊತ್ತಾ? 2018ರ ನವೆಂಬರಿನಲ್ಲಿ ನಾಸಾ ಮಂಗಳದಲ್ಲಿ ಇಳಿಸಿದ ಯಂತ್ರ. ಅದರ ಜತೆ ಜರ್ಮನಿಯವರು ಮಾಡಿಕೊಟ್ಟ ಒಂದು ಗೂಟ ಇತ್ತು. ತನ್ನನ್ನು ತಾನೇ ಬಡಿದುಕೊಳ್ಳುತ್ತಾ ಐದು ಮೀಟರ್ ಆಳಕ್ಕೆ ಇಳಿದು ನೆಲದ ಬಿಸಿ ಅಳೆಯಬೇಕು. ಇಳಿಯಲೇ ಇಲ್ಲ. ಅಲ್ಲಿನ ಮಣ್ಣು ಗೂಟವನ್ನು ಹಿಡಿದುಕೊಳ್ಳಲಿಲ್ಲ, ಬಡಿದಾಗಲೆಲ್ಲ ಅದು ಇದ್ದಲ್ಲೇ ಕುಣಿಯುತ್ತಿತ್ತು. ಸುಮಾರು ಎರಡು ವರ್ಷ ಇಲ್ಲಿಂದ ಕಮಾಂಡ್ ಕಳಿಸಿದರು, ಯಂತ್ರದ ಸೌಟಿನಿಂದ ಅದನ್ನು ಒತ್ತಿ ನೋಡಿದರು, ಪಕ್ಕಕ್ಕೆ ಮಣ್ಣು ಕೆರೆದು ಹಾಕಿದರು, ಒಂದೊಂದು ಸಲ ಒತ್ತಿ ಏನಾಯಿತು ಅಂತ ನೋಡಲಿಕ್ಕೆ ದಿನಗಟ್ಟಲೆ ಕಾದರು. 2021ರ ಜನವರಿಯಲ್ಲಿ ಕೈಬಿಟ್ಟರು. ಚಪ್ಪರಕ್ಕೆ ಗೂಟ ಹೊಡೆದು ಗೊತ್ತಿರುವ ಯಾರಾದರೂ ಅಲ್ಲಿದ್ದಿದ್ದರೆ ಅದನ್ನು ಕಿತ್ತು, ಎರಡು ಅಡಿ ಆಚೆ ಹೊಡೆದು, ಸುತ್ತ ಮಣ್ಣು ತುಳಿದು ಮುಂದಕ್ಕೆ ಹೋಗುತ್ತಿದ್ದ.

ನನ್ನ ಪ್ರಕಾರ ಮನುಷ್ಯನನ್ನು ಕಳಿಸಲಿಕ್ಕೆ ಇರುವ ನಿಜವಾದ ಕಾರಣ ಇದೊಂದೇ. ಆಪರ್ಚುನಿಟಿ ರೋವರ್ ಮಂಗಳದಲ್ಲಿ 14 ವರ್ಷ ತಿರುಗಿ 45 ಕಿಲೋಮೀಟರ್ ಹೋಯಿತು, ನನಗೆ ಅದರ ಮೇಲೆ ಅಪಾರ ಪ್ರೀತಿ. ಆದರೆ 1972ರಲ್ಲಿ ಅಪೋಲೋ 17ರ ಇಬ್ಬರು ಚಂದ್ರನ ಮೇಲೆ ಮೂರೇ ದಿನದಲ್ಲಿ 35 ಕಿಲೋಮೀಟರ್ ಓಡಾಡಿದ್ದರು. ಅವರಲ್ಲಿ ಹ್ಯಾರಿಸನ್ ಸ್ಮಿಟ್ ಭೂವಿಜ್ಞಾನಿ. ಬೂದು ನೆಲದಲ್ಲಿ ಒಂದು ಕಡೆ ಕಿತ್ತಳೆ ಬಣ್ಣ ಕಂಡದ್ದೇ ತಡ, ನಿಂತು ಅಗೆದ. ಹಳೆಯ ಜ್ವಾಲಾಮುಖಿ ಉಗುಳಿದ ಗಾಜಿನ ಮಣಿಗಳು ಸಿಕ್ಕವು.

ಸರಿ, ಹಾಗಾದರೆ ಕಳಿಸಿಬಿಡೋಣ ಅಲ್ವಾ? ಸಮಸ್ಯೆ ಏನೆಂದರೆ ಬೇಕಿರುವುದು ಕೈ ಮತ್ತು ಕಣ್ಣು, ಆದರೆ ಅವಷ್ಟೇ ಹೋಗುವುದಿಲ್ಲ. ಮೂಳೆ, ಹೃದಯ, ಹೊಟ್ಟೆ ಎಲ್ಲ ಹೋಗಬೇಕು. ಹೋಗಲಿಕ್ಕೆ ಆರೇಳು ತಿಂಗಳು, ಅಲ್ಲಿ ಗ್ರಹಗಳ ಸ್ಥಾನ ಕೂಡಿ ಬರುವ ತನಕ ಒಂದು ವರ್ಷಕ್ಕೂ ಜಾಸ್ತಿ ಕಾಯಬೇಕು, ಮತ್ತೆ ಅಷ್ಟೇ ತಿಂಗಳು ವಾಪಸ್. ಒಬ್ಬ ಮನುಷ್ಯ ಒಂದೇ ಸಲಕ್ಕೆ ಬಾಹ್ಯಾಕಾಶದಲ್ಲಿ ಇದ್ದ ದಾಖಲೆ ರಷ್ಯಾದ ಪೊಲ್ಯಾಕೋವ್ ಅವರ 437 ದಿನ. ಸುನೀತಾ ವಿಲಿಯಮ್ಸ್ ಎಂಟು ದಿನಕ್ಕೆ ಅಂತ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಒಂಬತ್ತು ತಿಂಗಳು ಉಳಿದರು, ಆದರೆ ಅಲ್ಲಿಗೆ ಊಟ ಸಾಮಾನು ತರುವ ನೌಕೆಗಳು ಬಂದು ಹೋಗುತ್ತಿದ್ದವು, ಭೂಮಿ 400 ಕಿಲೋಮೀಟರ್ ಕೆಳಗೇ ಇತ್ತು. ಇನ್ನು ವಿಕಿರಣ. ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದುಕೊಂಡು ಹೋದ ಲೆಕ್ಕದಲ್ಲಿ ಹೋಗಿ ಬರುವ ಪ್ರಯಾಣಕ್ಕೇ ಸುಮಾರು 660 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣ ಅಳೆಯುವ ಮಾನ). ಇಲ್ಲಿ ವಿಕಿರಣದ ಜತೆ ಕೆಲಸ ಮಾಡುವವರಿಗೆ ಐದು ವರ್ಷಕ್ಕೆ ಒಟ್ಟು ಮಿತಿ 100.

ಇದೆಲ್ಲ ಹೋಗುವವನ ಕಷ್ಟ, ಗೊತ್ತಿದ್ದೇ ಹೋಗುತ್ತಾನೆ ಅನ್ನಬಹುದು. ನನಗೆ ನಿಜವಾಗಿ ತಲೆ ತಿನ್ನುವುದು ಹೊಟ್ಟೆಯ ವಿಷಯ. ನಾವು ಅಲ್ಲಿಗೆ ಹೋಗುವುದೇ ಜೀವ ಇದೆಯಾ, ಇತ್ತಾ ಅಂತ ಹುಡುಕಲಿಕ್ಕೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳನ್ನು ಕಳಿಸುವ ಮುಂಚೆ 111 ಡಿಗ್ರಿ ಬಿಸಿಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬೇಯಿಸಿದ್ದರು, ಇಲ್ಲಿನ ಸೂಕ್ಷ್ಮಜೀವಿ ಅಂಟಿಕೊಂಡು ಹೋಗಬಾರದು ಅಂತ. ಮನುಷ್ಯನನ್ನು ಇಡ್ಲಿ ಥರ ಬೇಯಿಸಿ ಕಳಿಸಲಿಕ್ಕೆ ಆಗುತ್ತದಾ? ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ ಕೋಟ್ಯಂತರ ಕೋಟಿ ಬ್ಯಾಕ್ಟೀರಿಯಾ. ಸೂಟು ಒಂದು ಚೂರು ಸೋರಿದರೂ ಸಾಕು. ಆಮೇಲೆ ಅಲ್ಲಿ ಜೀವ ಸಿಕ್ಕಿತು ಅಂತ ಕುಣಿದಾಡಿ, ಕೊನೆಗೆ ನೋಡಿದರೆ ಅದು ನಮ್ಮವನ ಬೆಳಗಿನ ತಿಂಡಿಯ ಜತೆ ಹೋದದ್ದು ಅಂತಾದರೆ?

(ಮಂಗಳ ನಮ್ಮ ಎರಡನೇ ಮನೆ ಅನ್ನುವವರಿಗೆ ಒಂದೇ ಮಾತು. ಅಂಟಾರ್ಟಿಕಾದಲ್ಲಿ ಗಾಳಿ ಇದೆ, ನೀರಿದೆ, ವಿಮಾನ ಹೋಗುತ್ತದೆ. ಯಾರೂ ಸೈಟು ಕೊಂಡಿಲ್ಲ.)

ಹಾಗಾಗಿ ನನ್ನ ಓಟು ಅರ್ಧ ದಾರಿಗೆ. ಮನುಷ್ಯ ಹೋಗಲಿ, ಇಳಿಯುವುದು ಬೇಡ, ಸದ್ಯಕ್ಕಂತೂ ಬೇಡ. ಮಂಗಳದ ಸುತ್ತ ತಿರುಗುತ್ತಲೋ, ಅದರ ಚಂದ್ರನಾದ ಫೋಬೋಸ್ ಮೇಲೆ ಕೂತೋ ಕೆಳಗಿನ ರೋವರ್‌ಗಳನ್ನು ಓಡಿಸಲಿ. ಇದು ನನ್ನ ಐಡಿಯಾ ಅಲ್ಲ, ವಿಜ್ಞಾನಿಗಳೇ ಬಹಳ ವರ್ಷದಿಂದ ಹೇಳುತ್ತಿರುವುದು. ಭೂಮಿಯಿಂದ ಸಿಗ್ನಲ್ ಹೋಗಲಿಕ್ಕೇ ಕೆಲವೊಮ್ಮೆ 20 ನಿಮಿಷಕ್ಕೂ ಜಾಸ್ತಿ ಬೇಕು. ಫೋಬೋಸ್‌ನಿಂದ ನೆಲ ಸುಮಾರು 6,000 ಕಿಲೋಮೀಟರ್, ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಗೂಟ ಕುಣಿದರೆ ಆಗಲೇ ಕಂಡು ಆಗಲೇ ಒತ್ತಬಹುದು. ವಿಕಿರಣದ ಕಷ್ಟ ಇದರಿಂದ ತಪ್ಪುವುದಿಲ್ಲ, ಒಪ್ಪುತ್ತೇನೆ. ಅಷ್ಟು ದೂರ ಹೋಗಿ ಕಾಲಿಡದೆ ಬರುವುದು ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದ ಹಾಗೆ ಅಂತ ಭಾವ ನಕ್ಕರು. ಅದನ್ನೂ ಒಪ್ಪುತ್ತೇನೆ.

ಊಟ ಅಂದದ್ದಕ್ಕೆ ನೆನಪಾಯಿತು. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರಲ್ಲ, ಆ ಪ್ರಯೋಗ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಎರಡೂವರೆ-ಮೂರು ವರ್ಷ ಪ್ಯಾಕೆಟ್ ಊಟ ತಿನ್ನಬೇಕಾದವನ ಕಷ್ಟ ಧಾರವಾಡದವರಿಗೆ ಮೊದಲು ಅರ್ಥವಾಗಿದೆ. ಭಾವ ಇದನ್ನು ಕೇಳಿ ಒಗ್ಗರಣೆಗೆ ಏನು ಮಾಡ್ತಾರಂತೆ ಅಂದರು.