ಮ್ಯಾನ್ಮಾರ್‌ನಲ್ಲಾದ ಸೋಲಿನ ಹೊಣೆ ಇಂದ್ರ ಶಾಫ್ರಿ ಒಬ್ಬರದಲ್ಲ

2014ರಲ್ಲಿ ಮ್ಯಾನ್ಮಾರ್‌ನ ಏಷ್ಯಾ ಫುಟ್‌ಬಾಲ್ ಟೂರ್ನಿಯಲ್ಲಿ ಇಂಡೊನೇಷ್ಯಾದ 19 ವರ್ಷದೊಳಗಿನವರ ತಂಡ ಮೂರೂ ಪಂದ್ಯ ಸೋತದ್ದು ಕೋಚ್ ಇಂದ್ರ ಶಾಫ್ರಿಯವರ ಮಿತಿಯನ್ನು ಬಯಲು ಮಾಡಿತು ಎಂದು ಅವರ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಟೂರ್ನಿಗೆ ಮೊದಲು ಆ ಹುಡುಗರನ್ನು ಪ್ರದರ್ಶನ ಪಂದ್ಯಗಳಿಗೆಂದು ದೇಶದ ತುಂಬಾ ಊರೂರು ಅಲೆಸಿದ ಸಂಗತಿಯನ್ನೇ ಲೇಖನ ಬಿಟ್ಟುಬಿಟ್ಟಿದೆ. ದಣಿದ ಕಾಲುಗಳ ಲೆಕ್ಕವನ್ನು ಕೋಚ್ ಒಬ್ಬರ ಖಾತೆಗೆ ಬರೆಯುವುದು ಯಾವ ನ್ಯಾಯ?

ಹಿಂದಿನ ವರ್ಷವಷ್ಟೇ ಈ ತಂಡ ಸಿದೊಆರ್ಜೊದಲ್ಲಿ ವಿಯೆಟ್ನಾಂ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಆಗ್ನೇಯ ಏಷ್ಯಾದ ಕಿರೀಟ ತೊಟ್ಟಿತ್ತು. ಮರುತಿಂಗಳೇ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 3-2ರಿಂದ ಮಣಿಸಿತು. ಮೂರೂ ಗೋಲು ನಾಯಕ ಇವಾನ್ ದಿಮಾಸ್ ಅವರದೇ. ಪಡಾಂಗ್‌ನ ಕ್ಲಬ್ಬಿನಲ್ಲಿ ಆಡಿ, ಅಂಚೆ ಸಂಸ್ಥೆಯಲ್ಲಿ ದುಡಿದ ಇಂದ್ರ ಶಾಫ್ರಿ, ಅಲೋರ್‌ನಂಥ ದೂರದ ದ್ವೀಪಕ್ಕೂ ಕಣ್ಣು ಹಾಯಿಸಿ ಯಾಬೆಸ್ ರೋನಿಯಂಥ ಆಟಗಾರನನ್ನು ಹುಡುಕಿ ತಂದರು. ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ ಅದೇ, ಪದಕಗಳಲ್ಲ.

ಪದಕವೇ ಬೇಕೆಂದರೆ 2023ರ ಆಗ್ನೇಯ ಏಷ್ಯಾ ಕ್ರೀಡಾಕೂಟದ ಫೈನಲ್ ನೋಡಿ: ಹೆಚ್ಚುವರಿ ಸಮಯದಲ್ಲಿ ಥಾಯ್ಲೆಂಡ್ ವಿರುದ್ಧ ಅವರ ತಂಡಕ್ಕೆ 5-2ರ ಗೆಲುವು, ಫುಟ್‌ಬಾಲ್‌ನಲ್ಲಿ ಇಂಡೊನೇಷ್ಯಾಕ್ಕೆ 1991ರ ನಂತರದ ಮೊದಲ ಚಿನ್ನ. ಲೇಖನದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು.